ಕೊಡಗಲ್ಲಿ ಮೊದಲ್ನೇ ಮನೆ ತಗೊಳ್ತಿದೀರಾ? ಮಳೇಲಿ ಒಂದ್ಸಲ ಹೋಗಿ ನೋಡಿ

ಮಾರ್ಚ್ ಏಪ್ರಿಲಲ್ಲಿ ಮನೆ ನೋಡಿ ಅಡ್ವಾನ್ಸ್ ಕೊಡ್ಬೇಡಿ. ಕಾಫಿ ಹೂ ಬಿಟ್ಟಿರುತ್ತೆ, ಊರೆಲ್ಲ ಘಮ ಘಮ, ಆಗ ಯಾವ ಮನೆ ತೋರಿಸಿದ್ರೂ ಚೆಂದಾನೇ. ನಾನೂ ಹಂಗೇ ಬಿದ್ದಿದ್ದು. ಮಡಿಕೇರಿ ಪಕ್ಕ 6 ಸೆಂಟಲ್ಲಿ ಮನೆ, ಸಿಟೌಟಲ್ಲಿ ಕೂತ್ರೆ ಎದುರಿಗೇ ಬೆಟ್ಟ, 50 ಸಾವಿರ ಕೊಟ್ಟೇಬಿಟ್ಟೆ. ಕಕ್ಕಡದಲ್ಲಿ, ಅಂದ್ರೆ ಜುಲೈ-ಆಗಸ್ಟಿನ ಜೋರು ಮಳೇಲಿ, ಹೋಗಿ ನೋಡಿದ್ರೆ ಹಿಂದಿನ ಬರೆ (ಮನೆ ಕಟ್ಟೋಕೆ ಕಡಿದ ಗುಡ್ಡದ ಬದಿ) ಜರಿದು ಮಣ್ಣು ಅಡುಗೆಮನೆ ಕಿಟಕಿ ತನಕ ಬಂದು ಕೂತಿತ್ತು, ಒಳಗಡೆ ಗೋಡೆ ಮುಟ್ಟಿದ್ರೆ ಅಂಗೈಯೆಲ್ಲ ಒದ್ದೆ. ಮಾರೋರು "ಅಯ್ಯೋ ಇದು ಪ್ರತಿ ವರ್ಷಾ ಇರೋದೇ" ಅಂದ್ರು! ದುಡ್ಡು ವಾಪಸ್ ಬರೋ ಹೊತ್ತಿಗೆ ನವೆಂಬರ್-ಡಿಸೆಂಬರಲ್ಲಿ ಬರೋ ಹುತ್ತರಿ ಹಬ್ಬಾನೇ ಕಳೆದಿತ್ತು.

ಅದಕ್ಕೆ ಫಸ್ಟ್ ಮನೆ ಹಿಂದೆ ಹೋಗಿ. ಬರೆ ಎಷ್ಟು ನೆಟ್ಟಗೆ ಕಡಿದಿದಾರೆ, ಮೇಲಿನ ಮರ ವಾಲಿದ್ಯಾ, ನೆಲ ಬಿರುಕು ಬಿಟ್ಟಿದ್ಯಾ ನೋಡಿ. ತಡೆಗೋಡೆ ಇದೆ ಅಂತ ಖುಷಿ ಪಡ್ಬೇಡಿ, ನೀರು ಹೊರಗ್ಹೋಗೋಕೆ ಅದ್ರಲ್ಲಿ ಪೈಪ್ ಬಿಟ್ಟಿಲ್ಲ ಅಂದ್ರೆ ಹಿಂದ್ಗಡೆ ನೀರು ತುಂಬಿ ಗೋಡೇನೇ ತಳ್ಳುತ್ತೆ. 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜರಿದಿದ್ದು ಗೊತ್ತಲ್ವಾ. ಇಳಿಜಾರೇ ಬೇಡ, ಸಮತಟ್ಟು ಸಾಕು ಅಂತ ಕುಶಾಲನಗರಕ್ಕೆ ಹೋಗೋರು ಪಕ್ಕದ್ಮನೆಯವರನ್ನ ಕೇಳಿ, 2018, 2019ರಲ್ಲಿ ಹೊಳೆ ನೀರು ಎಲ್ಲೀ ತನಕ ಬಂದಿತ್ತು ಅಂತ. ಅವ್ರು ಬ್ರೋಕರ್ ಥರ ಸುತ್ತಿಬಳಸಿ ಮಾತಾಡಲ್ಲ, ಗೋಡೆ ಮೇಲಿನ ಗುರುತೇ ತೋರಿಸ್ತಾರೆ.

ಇನ್ನು ಪೇಪರ್ರು. ಬೆಂಗಳೂರಿನ ಲಾಯರ್ ಎಷ್ಟೇ ಬುದ್ಧಿವಂತ ಆಗಿರ್ಲಿ, ಇಲ್ಲಿನ ಜಮ್ಮಾ (ತಲೆಮಾರಿನಿಂದ ಕುಟುಂಬಕ್ಕೆ ಬಂದ ಜಾಗ), ಬಾಣೆ (ಗದ್ದೆ ಜೊತೆ ಸೇರಿಸಿ ಕೊಟ್ಟ ಕಾಡುಜಾಗ) ನೋಡಿ ಗೊತ್ತಿರೋ ಲೋಕಲ್ ವಕೀಲರಿಗೇ ತೋರ್ಸಿ. ಜಮ್ಮಾ ಜಾಗ ಅಂದ್ರೆ ಆರ್‌ಟಿಸೀಲಿ (ಪಹಣೀಲಿ) ತೀರಿಹೋದ ಪಟ್ಟೆದಾರರ, ಅಂದ್ರೆ ಕುಟುಂಬದ ಹಿರಿಯರ, ಹೆಸರೇ ಇನ್ನೂ ಇರಬಹುದು, ಹಕ್ಕು ಇಡೀ ಕುಟುಂಬಕ್ಕೆ ಸೇರಿದ್ದು, ಒಬ್ರು ಅಣ್ಣ ಸೈನ್ ಹಾಕಿಕೊಟ್ರೆ ಮುಗೀತು ಅನ್ಕೊಂಡ್ರೆ ನಾಳೆ ಮೈಸೂರಲ್ಲಿರೋ ತಂಗಿ ಕೇಸ್ ಹಾಕ್ತಾರೆ. ಬಾಣೆ ಆದ್ರೆ ಕಂದಾಯಕ್ಕೆ ಒಳಪಟ್ಟಿದ್ಯಾ ಇಲ್ವಾ ಕೇಳಿ. ಪೈಸಾರಿ ಅಂದ್ರೆ ಸರ್ಕಾರಿ ಜಾಗ, ಹಕ್ಕುಪತ್ರ ಇದೆ ಅಂದ್ರೂ ಅದನ್ನ ಮಾರೋ ಹಂಗಿದೆಯಾ ಅಂತ ಷರತ್ತು ಓದಿ. ಕೃಷಿ ಜಾಗನ ಮನೆಗೆ ಅಂತ ಬದಲಾಯಿಸಿದ ಕನ್ವರ್ಷನ್ ಆರ್ಡರ್ ಇರ್ಬೇಕು, ಪಂಚಾಯ್ತಿ ಲಿಮಿಟಾದ್ರೆ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿ ದಾಖಲೆಯ) ಫಾರಂ 9, 11 ಬೇಕು. ಇಸಿ (ಜಾಗದ ಮೇಲಿನ ಸಾಲ, ಮಾರಾಟದ ದಾಖಲೆ) ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲೇ ಸಿಗುತ್ತೆ, ಆದ್ರೆ 2004ರ ಹಿಂದಿನದ್ದಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸಿಗೇ ಹೋಗಿ.

ದಾರಿ ಮರೀಬೇಡಿ. ಪಕ್ಕದ ತೋಟದವರು "ಓಡಾಡ್ಕೊಳ್ಳಿ" ಅಂದಿರೋದು ದಾರಿ ಅಲ್ಲ, ಕ್ರಯಪತ್ರದಲ್ಲಿ ಬರೆದಿರ್ಬೇಕು. ತೋಟ ಮಾರಿದ್ರೆ ಹೊಸ ಓನರ್ ಮೊದ್ಲು ಹಾಕೋದೇ ಗೇಟು.

ದುಡ್ಡಿನ ಲೆಕ್ಕ ಸಿಂಪಲ್. 40 ಲಕ್ಷದ ಮನೆಗೆ ಬ್ಯಾಂಕ್ ಕೊಡೋದು ಹೆಚ್ಚಂದ್ರೆ 32, ಉಳಿದ 8 ನಿಮ್ದು, ಅದ್ರ ಮೇಲೆ ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಅಂತ ಹತ್ರ ಹತ್ರ 3 ಲಕ್ಷ. 50 ಲಕ್ಷ ಮುಟ್ಟಿದ್ರೆ ಮಾರೋರಿಗೆ ಕೊಡೋ ದುಡ್ಡಲ್ಲಿ 1% ಟಿಡಿಎಸ್ (ಆದಾಯ ತೆರಿಗೆ) ಹಿಡಿದು ಕಟ್ಟೋ ಜವಾಬ್ದಾರಿ ಕೊಳ್ಳೋರದ್ದೇ.

ಅಗ್ರಿಮೆಂಟಲ್ಲಿ ಒಂದು ಲೈನ್ ಸೇರಿಸಿ: ಪೇಪರ್ ಸರಿ ಇಲ್ದೆ ಲೋನ್ ರಿಜೆಕ್ಟ್ ಆದ್ರೆ ಅಡ್ವಾನ್ಸ್ ಇಷ್ಟು ದಿನದೊಳಗೆ ಪೂರ್ತಿ ವಾಪಸ್, ಬರೆ ಕುಸಿದ್ರೂ ಅಷ್ಟೇ. ನಂದು ಬರೀ ಬಾಯ್ಮಾತು, ಅದಕ್ಕೇ ಹುತ್ತರಿ ತನಕ ಫೋನ್ ಮಾಡ್ತಾ ಕೂತಿದ್ದು.