ಸಿಡಿಸಿ 6600ರ ಸ್ಕೋರ್‌ಬೋರ್ಡ್ ನಾನೇ ಬರೆದು ನೋಡಿದಾಗ

ಕಂಟ್ರೋಲ್ ಡೇಟಾ ಕಂಪನಿಯ ಹಳೆಯ ಸೂಪರ್‌ಕಂಪ್ಯೂಟರ್ ಸಿಡಿಸಿ 6600 ಬಗ್ಗೆ ಎಷ್ಟು ಓದಿದರೂ ಅದರ ಸ್ಕೋರ್‌ಬೋರ್ಡ್ ಮಾತ್ರ ನನ್ನ ತಲೆಗೆ ಹತ್ತಿರಲಿಲ್ಲ. ಕೊನೆಗೆ ಅದರ ನಕಲನ್ನೇ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಬಿಡೋಣ ಎಂದು ಕೂತೆ.

1964ರಲ್ಲಿ ಹೊರಬಂದ ಈ ಯಂತ್ರವನ್ನು ಸೀಮೋರ್ ಕ್ರೇ ಮತ್ತು ಜಿಮ್ ಥಾರ್ನ್‌ಟನ್ ಅಮೆರಿಕದ ಚಿಪ್ಪೆವಾ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ ರೂಪಿಸಿದರು. ಸಿಲಿಕಾನ್ ಟ್ರಾನ್ಸಿಸ್ಟರು, ಫ್ರಿಯಾನ್ ಎಂಬ ಶೀತಕ ಹರಿಸಿ ತಂಪು ಮಾಡುವ ಏರ್ಪಾಡು, 100 ನ್ಯಾನೊಸೆಕೆಂಡಿಗೊಮ್ಮೆ ಬಡಿಯುವ ಗಡಿಯಾರ, ಇವೆಲ್ಲ ಅದರ ವೇಗಕ್ಕೆ ಕಾರಣ ಹೌದು. ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಕೆಲಸ ಹಂಚಿದ ರೀತಿ. ಲೆಕ್ಕಕ್ಕೆ ಒಟ್ಟು 10 ಘಟಕ, ಗುಣಾಕಾರಕ್ಕೇ ಎರಡು. ಫ್ಲೋಟಿಂಗ್ (ದಶಮಾಂಶ ಬಿಂದುವಿರುವ ಸಂಖ್ಯೆಗಳ) ಸಂಕಲನಕ್ಕೆ ಗಡಿಯಾರದ 4 ಬಡಿತ ಸಾಕು, ಗುಣಾಕಾರಕ್ಕೆ 10 ಬೇಕು, ಭಾಗಾಕಾರಕ್ಕೆ 29. ಭಾಗಾಕಾರ ಮುಗಿಯಲೆಂದು ಉಳಿದ ಘಟಕಗಳು ಸುಮ್ಮನೆ ಕೂರಬೇಕಿಲ್ಲ. ಯಾರು ಯಾರಿಗಾಗಿ ಕಾಯಬೇಕು ಎಂದು ನೋಡಿಕೊಳ್ಳುವುದೇ ಸ್ಕೋರ್‌ಬೋರ್ಡ್.

ಮೊದಲೆರಡು ನಿಯಮ ಒಂದೇ ಸಂಜೆಯಲ್ಲಿ ಮುಗಿದವು. ಬೇಕಾದ ಘಟಕಕ್ಕೆ ಬಿಡುವಿಲ್ಲದಿದ್ದರೆ, ಅಥವಾ ಉತ್ತರ ಇಡಬೇಕಾದ ರಿಜಿಸ್ಟರನ್ನು (ಪ್ರೊಸೆಸರಿನೊಳಗೆ ಒಂದು ಸಂಖ್ಯೆ ಇಡುವ ಪುಟ್ಟ ಜಾಗ) ಇನ್ನೊಂದು ಘಟಕ ಆಗಲೇ ಕಾದಿರಿಸಿದ್ದರೆ, ಆದೇಶ ಬಾಗಿಲಲ್ಲೇ ನಿಲ್ಲುತ್ತದೆ. ಘಟಕ ಸಿಕ್ಕರೂ ಬೇಕಾದ ಸಂಖ್ಯೆ ಇನ್ನೂ ಬಂದಿರದಿದ್ದರೆ ಘಟಕದೊಳಗೆ ಕಾಯುತ್ತದೆ.

ನಾನು ಎಡವಿದ್ದು ಮೂರನೆಯದರಲ್ಲಿ. ಪರೀಕ್ಷೆಗೆಂದು ಎಕ್ಸ್1, ಎಕ್ಸ್2 ಎಂಬಂಥ ಹೆಸರಿನ ರಿಜಿಸ್ಟರುಗಳ ಮೇಲೆ ಮೂರು ಆದೇಶ ಕೊಟ್ಟಿದ್ದೆ: ಎಕ್ಸ್1, ಎಕ್ಸ್2 ಗುಣಿಸಿ ಎಕ್ಸ್6ಕ್ಕೆ; ಎಕ್ಸ್6, ಎಕ್ಸ್3 ಕೂಡಿಸಿ ಎಕ್ಸ್5ಕ್ಕೆ; ಎಕ್ಸ್1, ಎಕ್ಸ್4ರ ಬೂಲಿಯನ್ ಗುಣಲಬ್ಧ (ಎರಡರಲ್ಲೂ 1 ಇರುವ ಬಿಟ್‌ಗಳಲ್ಲಷ್ಟೇ 1 ಉಳಿಸುವುದು) ಎಕ್ಸ್3ಕ್ಕೆ. ಮೊತ್ತ ತಪ್ಪು ಬಂತು. ಎರಡು ದಿನ ಸಂಕಲನದ ಕೋಡನ್ನೇ ಜಾಲಾಡಿದೆ. ಅಲ್ಲಿ ತಪ್ಪೇ ಇರಲಿಲ್ಲ. ಆಮೇಲೆ ಪ್ರತಿ ಬಡಿತಕ್ಕೂ ಎಲ್ಲ ರಿಜಿಸ್ಟರುಗಳನ್ನು ಸಾಲಾಗಿ ಅಚ್ಚು ಮಾಡಿಸಿ ಬೆರಳಿಟ್ಟು ಓದಿದೆ. ಬೂಲಿಯನ್ ಕೆಲಸಕ್ಕೆ 3 ಬಡಿತ ಮಾತ್ರ. ಗುಣಲಬ್ಧಕ್ಕಾಗಿ ಸಂಕಲನ ಘಟಕ ಕಾಯುತ್ತಿರುವಾಗಲೇ ಬೂಲಿಯನ್ ಘಟಕ ಎಕ್ಸ್3ರ ಹಳೆಯ ಸಂಖ್ಯೆಯನ್ನು ಅಳಿಸಿಹಾಕಿತ್ತು!

ಮೂಲ ಯಂತ್ರದಲ್ಲಿ ಹೀಗಾಗುವುದಿಲ್ಲ. ಹಳೆಯ ಸಂಖ್ಯೆಯನ್ನು ಓದಬೇಕಾದವರು ಓದಿ ಮುಗಿಸುವ ತನಕ ಹೊಸ ಉತ್ತರವನ್ನು ಸ್ಕೋರ್‌ಬೋರ್ಡ್ ಘಟಕದಲ್ಲೇ ತಡೆಹಿಡಿಯುತ್ತದೆ. ಮೂರನೆಯ ನಿಯಮ ಇದೇ. ಓದಿಯಾಯಿತೇ ಎಂದು ಹೇಳುವ ಒಂದೊಂದು ಗುರುತನ್ನು ಪ್ರತಿ ಘಟಕಕ್ಕೂ ಸೇರಿಸಿದೆ. ಮೊತ್ತ ತಾಳೆಯಾಯಿತು. ಇಂಥದ್ದನ್ನು ಬಿಡಿ ಟ್ರಾನ್ಸಿಸ್ಟರುಗಳಲ್ಲಿ ಬೆಸೆದು ಕಟ್ಟಿದವರ ಮೇಲೆ ಆ ರಾತ್ರಿ ಹುಟ್ಟಿದ ಗೌರವ ದೊಡ್ಡದು.

ಈಗ ಅದರ 10 ಪೆರಿಫೆರಲ್ ಪ್ರೊಸೆಸರುಗಳಿಗೆ (ಮಾಹಿತಿಯ ಒಳಬರವು, ಹೊರಹೋಗುವಿಕೆ ನೋಡಿಕೊಳ್ಳುವ ಸಣ್ಣ ಪ್ರೊಸೆಸರುಗಳು) ಕೈಹಾಕಿದ್ದೇನೆ. ಹತ್ತಕ್ಕೂ ಲೆಕ್ಕದ ಯಂತ್ರಾಂಗ ಒಂದೇ. ಸರದಿಯಂತೆ ಒಂದೊಂದಕ್ಕೆ 100 ನ್ಯಾನೊಸೆಕೆಂಡು.