ಡೇನಿಯಲ್ ಇನೋಯೆ: ಸೈನಿಕ-ಸೆನೆಟರ್ ಕುರಿತು ಸಾಕ್ಷ್ಯಚಿತ್ರ ಮಾಡುವ ಬಗೆ

ಅಮೆರಿಕದ ಸೆನೆಟರ್ ಆಗಿದ್ದ ಹವಾಯಿಯ ಡೇನಿಯಲ್ ಇನೋಯೆ ಎರಡನೇ ಮಹಾಯುದ್ಧದ ನಡುವೆ ಅಮೆರಿಕದ ಸೇನೆ ಸೇರಿದ್ದು 1943ರಲ್ಲಿ, ಕೈ ಕಳೆದುಕೊಂಡದ್ದು 1945ರಲ್ಲಿ. ಶಾಸನಸಭೆಗಳಲ್ಲಾದರೋ 1954ರಿಂದ 2012ರ ಡಿಸೆಂಬರ್ 17ರಂದು ತೀರಿಕೊಳ್ಳುವವರೆಗೂ ಇದ್ದರು. ಆದರೂ ಚಿತ್ರ ಮಾಡಹೊರಟವರು ಗುಂಡಿನ ಸದ್ದಿಗೇ ಅರ್ಧ ಸಮಯ ಕೊಟ್ಟುಬಿಡುತ್ತಾರೆ. 30 ನಿಮಿಷದ ಚಿತ್ರದಲ್ಲಿ ಯುದ್ಧಕ್ಕೆ 8 ನಿಮಿಷ ಸಾಕು, ರಾಜಕೀಯಕ್ಕೆ 14 ಇರಲಿ. ಉಳಿದದ್ದು ಹೊನೊಲುಲುವಿನ ಬಾಲ್ಯಕ್ಕೆ, ಆಸ್ಪತ್ರೆಯ ದಿನಗಳಿಗೆ.

ಸ್ಕ್ರಿಪ್ಟ್‌ಗಿಂತ ಮೊದಲು ದಿನಾಂಕ, ಘಟನೆ, ಆಧಾರ ಎಂದು ಮೂರು ಅಂಕಣದ ಪಟ್ಟಿ ಮಾಡಿಕೊಳ್ಳಿ. ಆಧಾರದ ಅಂಕಣ ಖಾಲಿ ಇರುವ ಸಾಲು ನಿರೂಪಣೆಗೆ ಹೋಗಬಾರದು.

ಹೆಚ್ಚು ಎಡವುವುದು 1945ರ ಏಪ್ರಿಲ್ 21ರ ಕಾಳಗದಲ್ಲಿ. ಸ್ಥಳ ಇಟಲಿಯ ಸ್ಯಾನ್ ಟೆರೆಂಜೊ ಬಳಿಯ ಗುಡ್ಡ. ಮುಂದೆ ಸಿಕ್ಕ ಮೆಡಲ್ ಆಫ್ ಆನರ್‌ನ (ಅಮೆರಿಕದ ಅತ್ಯುನ್ನತ ಸೇನಾ ಪದಕ) ಸನ್ನದಿನ, ಅಂದರೆ ಸಾಹಸದ ವಿವರವಿರುವ ಅಧಿಕೃತ ಪತ್ರದ, ಪ್ರಕಾರ ಇನೋಯೆ ಮೆಷಿನ್ ಗನ್‌ಗೆ 5 ಗಜ ದೂರದವರೆಗೆ ತೆವಳಿ ಎರಡು ಗ್ರೆನೇಡ್ ಎಸೆದರು, ಎದ್ದು ನಿಂತು ಎರಡನೇ ನೆಲೆಯನ್ನು ಅಡಗಿಸಿದರು. ಗುಂಡೇಟು ತಿಂದ ಮೇಲೂ ಹೋರಾಡುತ್ತಿದ್ದಾಗ ಸಿಡಿದ ಗ್ರೆನೇಡ್ ಬಲಗೈಯನ್ನು ನುಚ್ಚುನೂರು ಮಾಡಿತು. ನಿರ್ಜೀವವಾದ ಆ ಕೈಯ ಹಿಡಿಯಲ್ಲೇ ಉಳಿದಿದ್ದ ತಮ್ಮ ಗ್ರೆನೇಡನ್ನು ಎಡಗೈಯಿಂದ ಕಿತ್ತು ಎಸೆದೆ ಎಂಬುದು ಅವರೇ ಮುಂದೆ ಹೇಳಿಕೊಂಡ ವಿವರ. ಸನ್ನದಿನಲ್ಲಿರುವುದನ್ನು ನಿರೂಪಕರು ಹೇಳಲಿ, ನೆನಪಿನಲ್ಲಿರುವುದನ್ನು ಇನೋಯೆಯವರ ದನಿಯಲ್ಲೇ ಕೇಳಿಸಿ. ಎರಡನ್ನೂ ಬೆರೆಸಿದರೆ ಯಾವುದು ದಾಖಲೆ, ಯಾವುದು ನೆನಪು ಎಂದು ನೋಡುಗರಿಗೆ ತಿಳಿಯುವುದಿಲ್ಲ.

ಕಾಳಗದ ಬೆನ್ನಿಗೇ ಮೆಡಲ್ ಆಫ್ ಆನರ್ ತೋರಿಸಬೇಡಿ. ಮೊದಲು ಸಿಕ್ಕದ್ದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್. ಹಳೆಯ ದಾಖಲೆಗಳ ಮರುಪರಿಶೀಲನೆಯಾಗಿ ದೊಡ್ಡ ಪದಕ ಬಂದದ್ದು 2000ದ ಜೂನ್ 21ರಂದು. ಈ 55 ವರ್ಷದ ಅಂತರವೇ ಚಿತ್ರದ ಬೆನ್ನೆಲುಬು. ಅವರ 442ನೇ ರೆಜಿಮೆಂಟಿನವರನ್ನು ‘ಜಪಾನಿ ಸೈನಿಕರು’ ಎಂದು ಕರೆಯುವುದೂ ದೊಡ್ಡ ತಪ್ಪು. ಅವರು ಜಪಾನಿ ಮೂಲದ ಅಮೆರಿಕನ್ನರು. ಅದೇ ಹೊತ್ತಿನಲ್ಲಿ ಅಂಥದೇ ಮೂಲದ ಸುಮಾರು 1,20,000 ಜನರನ್ನು ಅಮೆರಿಕ ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿತ್ತು. ಇದನ್ನು ಬಿಟ್ಟರೆ ಇನೋಯೆ ಸೇನೆ ಸೇರಿದ್ದರ ತೂಕವೇ ತಿಳಿಯದು.

ದೃಶ್ಯಗಳಿಗೆ ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಿಂದ ಶುರುಮಾಡಿ. ಸೇನೆಯ ಛಾಯಾಗ್ರಾಹಕರು ಕೆಲಸದ ಭಾಗವಾಗಿ ತೆಗೆದ ಚಿತ್ರಗಳಿಗೆ ಅಲ್ಲಿ ಹಕ್ಕುಸ್ವಾಮ್ಯವಿಲ್ಲ. ಟೀವಿ ಚಾನೆಲ್‌ಗಳ ತುಣುಕಿಗೆ ಬೇರೆ ಅನುಮತಿ ಬೇಕು, ಎಡಿಟಿಂಗ್‌ಗೆ ಮೊದಲೇ ಬರೆದು ಕೇಳಿ. ಸೆನೆಟ್ ಕಾಲದ ಕಾಗದಪತ್ರ ಹವಾಯಿ ವಿಶ್ವವಿದ್ಯಾಲಯದ ಮನೋವಾ ಗ್ರಂಥಾಲಯದಲ್ಲಿದೆ. 442ರವರು 1944ರ ಅಕ್ಟೋಬರ್‌ನಲ್ಲಿ ಕಾದಾಡಿದ್ದು ಫ್ರಾನ್ಸಿನ ವೋಜ್ ಕಾಡಿನಲ್ಲಿ. ಆ ಕಾಡಿನ ಫುಟೇಜನ್ನು ಇಟಲಿಯ ಗುಡ್ಡದ ಮಾತಿಗೆ ಹಾಕಿದರೆ ಬಲ್ಲವರು ತಕ್ಷಣ ಹಿಡಿಯುತ್ತಾರೆ. ಬೇರೆ ದಾರಿ ಇಲ್ಲದಿದ್ದರೆ ಊರು, ಇಸವಿ ಪರದೆಯ ಮೇಲೆ ಬರಲಿ.

4 ಇಂಚು ಅಗಲದ ಫೋಟೊವನ್ನು 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದರೆ ಸಿಗುವುದು 2,400 ಪಿಕ್ಸೆಲ್. 1,920 ಪಿಕ್ಸೆಲ್ ಅಗಲದ ವಿಡಿಯೊ ಚೌಕಟ್ಟಿನಲ್ಲಿ ಮುಖದ ಕಡೆ ಜೂಮ್ ಮಾಡಿದ ಕೂಡಲೇ ಅದು ಮಸುಕಾಗುತ್ತದೆ. ಆದ್ದರಿಂದ 1,200 ಡಿಪಿಐ ಇಡಿ. ಅಧ್ಯಕ್ಷ ನಿಕ್ಸನ್ ರಾಜೀನಾಮೆಗೆ ಕಾರಣವಾದ ವಾಟರ್‌ಗೇಟ್ ಹಗರಣದ ಸೆನೆಟ್ ಸಮಿತಿಯಲ್ಲಿ ಇನೋಯೆ ಇದ್ದರು. ಆ 1973ರ ವಿಚಾರಣೆಯ ಟೀವಿ ಚಿತ್ರದ ಅಗಲ-ಎತ್ತರದ ಅನುಪಾತ 4:3. ಅದನ್ನು ಅಗಲಕ್ಕೆ ಎಳೆದರೆ ಮುಖಗಳು ಚಪ್ಪಟೆಯಾಗುತ್ತವೆ, ಪಕ್ಕದ ಕಪ್ಪು ಪಟ್ಟಿ ಹಾಗೇ ಇರಲಿ.

ರಾಜಕೀಯದ ಭಾಗವನ್ನು 1959ರ ಆಗಸ್ಟ್‌ನಿಂದ ತೆರೆಯಿರಿ. ಹವಾಯಿ ಅಮೆರಿಕದ ರಾಜ್ಯವಾದ ಬೆನ್ನಿಗೆ ಅದರ ಮೊದಲ ಪ್ರತಿನಿಧಿಯಾಗಿ ಇನೋಯೆ ವಾಷಿಂಗ್ಟನ್ನಿನಲ್ಲಿ ಪ್ರಮಾಣವಚನಕ್ಕೆ ನಿಂತಾಗ ‘ಬಲಗೈ ಎತ್ತಿ’ ಎಂಬ ಮಾತು ಬಂತು, ಅವರು ಎತ್ತಿದ್ದು ಎಡಗೈ. ಇಲ್ಲಿ ಸಂಗೀತ ಬೇಡ, ಮೂರು ಸೆಕೆಂಡಿನ ಮೌನ ಸಾಕು. ಅಲ್ಲಿಂದ 1963ರ ಸೆನೆಟ್, ವಾಟರ್‌ಗೇಟ್, 1987ರ ಇರಾನ್-ಕಾಂಟ್ರಾ (ಇರಾನ್‌ಗೆ ಗುಟ್ಟಾಗಿ ಶಸ್ತ್ರ ಮಾರಿ ಆ ಹಣವನ್ನು ನಿಕರಾಗುವಾದ ಬಂಡುಕೋರರಿಗೆ ಕೊಟ್ಟ ಹಗರಣ) ತನಿಖೆಯ ಸೆನೆಟ್ ಸಮಿತಿಯ ಅಧ್ಯಕ್ಷತೆ. 1992ರ ಚುನಾವಣೆಯಲ್ಲಿ ಬಂದ ಲೈಂಗಿಕ ದುರ್ನಡತೆಯ ಆರೋಪವನ್ನೂ ಅವರ ನಿರಾಕರಣೆಯನ್ನೂ ಒಟ್ಟಿಗೇ ಹೇಳಿ. ಪದಕದ ಹೊಳಪಿನಲ್ಲಿ ಅದನ್ನು ಮರೆಮಾಚಿದರೆ ಅದು ಪ್ರಚಾರಚಿತ್ರ.

ಕನ್ನಡ ನಿರೂಪಣೆ ನಿಮಿಷಕ್ಕೆ 90 ಪದ ಮೀರದಿರಲಿ. 20ರ ಸೈನಿಕನಿಗೆ ‘ಅವನು’, ಸೆನೆಟರ್‌ಗೆ ‘ಅವರು’ ಎಂದು ಬದಲಿಸಿದರೆ ಇಬ್ಬರು ಬೇರೆಬೇರೆ ವ್ಯಕ್ತಿಗಳೆನ್ನಿಸುತ್ತದೆ, ಮೊದಲ ಶಾಟ್‌ನಿಂದಲೇ ‘ಅವರು’ ಇರಲಿ. ಇನೋಯೆಯವರ ಇಂಗ್ಲಿಷ್ ದನಿಯನ್ನು ಎರಡು ಸೆಕೆಂಡ್ ಪೂರ್ತಿ ಕೇಳಿಸಿ, ಆಮೇಲೆ ತಗ್ಗಿಸಿ ಕನ್ನಡವನ್ನು ಮೇಲೆ ಹೊದಿಸಿ.