ಹೈಸ್ಕೂಲ್ ಮಕ್ಕಳಿಗೆ ಮನೆಯಲ್ಲಿ ಕ್ರೈಸ್ತ ಸಿದ್ಧಾಂತವನ್ನು ಕಲಿಸುವ ಬಗೆ

ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ನಮ್ಮ ಕ್ರೈಸ್ತ ಸಭೆಗಳು (ಚರ್ಚುಗಳು) ಹೆಚ್ಚಾಗಿ ಚಿಕ್ಕವು. ಸಂಡೇ ಸ್ಕೂಲ್ ಇರುವಲ್ಲಿಯೂ ಮಗು ಎಂಟನೆಯ ತರಗತಿಗೆ ಬಂದೊಡನೆ ಭಾನುವಾರದ ಟ್ಯೂಷನ್ ಅದನ್ನು ನುಂಗಿಬಿಡುತ್ತದೆ. ಹೀಗಾಗಿ ನೋಹನ ನಾವೆ, ದಾವೀದ ಮತ್ತು ಗೊಲ್ಯಾತರ ಕಾಳಗಗಳನ್ನು ಬಾಯಿಪಾಠವಾಗಿ ಹೇಳಬಲ್ಲ ಮಕ್ಕಳು, ಯೇಸು ದೇವರೂ ಹೌದು ಮನುಷ್ಯನೂ ಹೌದು ಎಂದು ಸಭೆ ಏಕೆ ಹೇಳುತ್ತದೆ ಎಂಬುದನ್ನು ಯಾರಿಂದಲೂ ಕೇಳದೆಯೇ ದೊಡ್ಡವರಾಗುತ್ತಾರೆ. ‘ಏಕೆ’ ಎಂದು ಕೇಳುವ ವಯಸ್ಸಿನಲ್ಲಿಯೇ ಉತ್ತರ ಹೇಳುವವರಿಲ್ಲದಂತಾಗುವುದು ನನ್ನನ್ನು ಬಹಳ ಕಾಡುತ್ತದೆ. ಈ ಕೆಲಸವನ್ನು ತಂದೆತಾಯಿಗಳು ಮನೆಯಲ್ಲಿ ಮಾಡಬಹುದು, ಅದಕ್ಕೆ ದೇವಶಾಸ್ತ್ರದ ಪದವಿ ಬೇಕಿಲ್ಲ. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯವು, ಮನೆಯಲ್ಲಿ ಕುಳಿತಿರುವಾಗಲೂ ದಾರಿ ನಡೆಯುವಾಗಲೂ ದೇವರ ಮಾತುಗಳನ್ನು ಮಕ್ಕಳಿಗೆ ತಿಳಿಸುವ ಹೊಣೆಯನ್ನು ಮನೆಯವರಿಗೇ ಒಪ್ಪಿಸಿದೆ.

ವಾರಕ್ಕೆ ಎರಡು ದಿನ, ರಾತ್ರಿಯ ಊಟವಾದ ಮೇಲೆ ಅರ್ಧ ಗಂಟೆ ಸಾಕು. ಕನ್ನಡ ಸತ್ಯವೇದ, ನಿಮ್ಮ ಸಭೆಯ ಆರಾಧನಾ ಪುಸ್ತಕ, ಒಂದು ನೋಟ್‌ಬುಕ್ ಇಷ್ಟಿದ್ದರೆ ಆರಂಭಿಸಬಹುದು. ಮಗು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದರೆ ಇಂಗ್ಲಿಷ್ ಬೈಬಲ್ಲೂ ಪಕ್ಕದಲ್ಲಿರಲಿ, ಏಕೆಂದರೆ ಅಂಥ ಮಕ್ಕಳಿಗೆ ‘ನೀತಿವಂತರೆಂಬ ನಿರ್ಣಯ’ ಎಂಬಂಥ ನಮ್ಮ ಮಾತುಗಳು ಕಿವಿಗೆ ಬಿದ್ದರೂ ತಲೆಗೆ ಹತ್ತುವುದಿಲ್ಲ.

ಮೊದಲು ಅಪೊಸ್ತಲರ ವಿಶ್ವಾಸಪ್ರಮಾಣವನ್ನು, ಅಂದರೆ ನಾವು ನಂಬುವುದನ್ನು ಚಿಕ್ಕದಾಗಿ ಹೇಳುವ ಸಭೆಯ ಹಳೆಯ ಅರಿಕೆಯನ್ನು, ಬಾಯಿಪಾಠ ಮಾಡಿಸಿ. ಬಾಯಿಪಾಠವನ್ನು ಈಚೆಗೆ ಹಲವರು ಹಗುರವಾಗಿ ಕಾಣುತ್ತಾರೆ; ನಾನು ಹಾಗೆ ಕಾಣುವುದಿಲ್ಲ. ಆದರೆ ಅಲ್ಲಿಗೇ ನಿಲ್ಲಬಾರದು. ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ‘ಕಿರು ಪ್ರಶ್ನೋತ್ತರ’ ಎಂಬ ಪುಸ್ತಕವು ಮನೆಯ ಯಜಮಾನನು ತನ್ನ ಮನೆಮಂದಿಗೆ ಕಲಿಸಲೆಂದು ರಚಿತವಾದದ್ದು, ಮತ್ತು ಅದರಲ್ಲಿ ದಶಾಜ್ಞೆಗಳಲ್ಲಿ ಒಂದೊಂದರ ಬೆನ್ನಿಗೂ ಬರುವ ಪ್ರಶ್ನೆ ಒಂದೇ: ಇದರ ಅರ್ಥವೇನು? ನಮ್ಮ ಮನೆಯಲ್ಲಿ ಅದು “ಹಂಗಂದ್ರೇನು?” ಎಂದಾಯಿತು. ‘ಸರ್ವಶಕ್ತ’ ಅಂದರೇನು, ‘ಪೊಂತ್ಯ ಪಿಲಾತನ’ ಹೆಸರು ವಿಶ್ವಾಸಪ್ರಮಾಣದ ನಡುವೆ ಏಕೆ ಬಂತು ಎಂದು ಒಂದು ದಿನಕ್ಕೆ ಒಂದೇ ಪದವನ್ನು ಹಿಡಿದು ಕೇಳಿ. ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಪಿಲಾತನು ಕ್ರಿ.ಶ. 26ರಿಂದ 36ರವರೆಗೆ ಯೂದಾಯವನ್ನು ಆಳಿದ ರೋಮನ್ ಅಧಿಕಾರಿ. ಅವನ ಹೆಸರಿರುವುದರಿಂದ ನಮ್ಮ ವಿಶ್ವಾಸವು ಇಸವಿಯಿರುವ ಚರಿತ್ರೆಗೆ ಕಟ್ಟಿಕೊಂಡಿದೆ ಎಂಬುದು, ಸಮಾಜ ವಿಜ್ಞಾನದಲ್ಲಿ ರೋಮ್ ಸಾಮ್ರಾಜ್ಯವನ್ನು ಓದುವ ಮಗುವಿಗೆ ತಟ್ಟನೆ ಹೊಳೆಯುತ್ತದೆ.

ಹೆಚ್ಚು ಕಾಲ ಬೇಡುವುದು ತ್ರಯೈಕ್ಯದ ಬೋಧನೆ, ಅಂದರೆ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರೂ ಒಬ್ಬನೇ ದೇವರು ಎಂಬುದು. ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನು ನೀರು, ಮಂಜುಗಡ್ಡೆ, ಉಗಿಗಳ ಉದಾಹರಣೆ ಕೊಟ್ಟೆ. ರೊಟ್ಟಿ ಬುಟ್ಟಿಯ ಮೇಲೆ ಬಟ್ಟೆ ಮುಚ್ಚುತ್ತಿದ್ದವಳು ಕೈ ನಿಲ್ಲಿಸಿ, “ಹಂಗಾದ್ರ ಗೆತ್ಸೇಮನೆ ತೋಟದಾಗ ಯೇಸುಸ್ವಾಮಿ ಪ್ರಾರ್ಥನಾ ಮಾಡಿದ್ದು ಯಾರಿಗೆ, ಪಪ್ಪಾ? ನೀರು ಮಂಜುಗಡ್ಡಿ ಆದಮ್ಯಾಲೆ ನೀರು ಇರೂದಿಲ್ಲಲ್ಲ?” ಎಂದಳು. ಅವಳ ಮಾತು ಸರಿಯಾಗಿತ್ತು. ಒಬ್ಬನೇ ಮೂರು ವೇಷ ತೊಡುತ್ತಾನೆ ಎಂಬ ಈ ವಿವರಣೆಯನ್ನು 3ನೆಯ ಶತಮಾನದಲ್ಲಿ ಸಬೆಲ್ಲಿಯಸನೆಂಬ ಬೋಧಕನ ಹೆಸರಿನೊಂದಿಗೆ ಬಂದಾಗಲೇ ಸಭೆಯು ತಿರಸ್ಕರಿಸಿತ್ತು. ಆದ್ದರಿಂದ ಉದಾಹರಣೆಗಳನ್ನು ಬಿಟ್ಟು ಮತ್ತಾಯನ 3ನೆಯ ಅಧ್ಯಾಯವನ್ನೇ ತೆರೆಯಿರಿ: ನೀರಿನಿಂದ ಮೇಲಕ್ಕೆ ಬರುವ ಮಗ, ಪಾರಿವಾಳದ ಹಾಗೆ ಇಳಿಯುವ ಆತ್ಮ, ಆಕಾಶದಿಂದ ಕೇಳುವ ತಂದೆಯ ಸ್ವರ, ಮೂವರೂ ಒಂದೇ ಗಳಿಗೆಯಲ್ಲಿ. ದೇವರು ಒಬ್ಬನೇ, ಆದರೂ ತಂದೆ ಮಗನಲ್ಲ, ಮಗನು ಪವಿತ್ರಾತ್ಮನಲ್ಲ ಎಂಬ ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿದುಕೊಳ್ಳುವುದನ್ನು ಮಗು ಕಲಿಯಬೇಕು. ತ್ರಿಮೂರ್ತಿಗಳ ಹೋಲಿಕೆಯೂ ಇಲ್ಲಿ ಕೂಡದು. ಅಲ್ಲಿ ಸೃಷ್ಟಿ, ಸ್ಥಿತಿ, ಲಯ ಎಂದು ಕಾರ್ಯಗಳು ಹಂಚಿಕೆಯಾಗಿವೆ. ಸತ್ಯವೇದದಲ್ಲಾದರೋ ಸೃಷ್ಟಿಯ ಕಾರ್ಯದಲ್ಲಿಯೇ ತಂದೆಯೊಂದಿಗೆ ವಾಕ್ಯವೆಂಬ ಮಗನೂ ಆತ್ಮನೂ ಇದ್ದಾರೆ.

ಇದಕ್ಕೆ ಹೊಂದಿಕೊಂಡಂತೆ ಬರುವ ಇನ್ನೊಂದು ತೊಡಕಿನ ಪದ ‘ಅವತಾರ’. ಯೋಹಾನ 1:14ರಲ್ಲಿ ನಮ್ಮ ಹಳೆಯ ಕನ್ನಡ ಸತ್ಯವೇದವೇ ವಾಕ್ಯವು ‘ನರಾವತಾರ ಎತ್ತಿ’ ನಮ್ಮ ನಡುವೆ ವಾಸಮಾಡಿತೆಂದು ಹೇಳುವುದರಿಂದ, ದಶಾವತಾರದ ಕಥೆಗಳನ್ನು ಕೇಳಿ ಬೆಳೆದ ಮಗು ಎರಡೂ ಒಂದೇ ಎಂದುಕೊಂಡರೆ ತಪ್ಪು ಅದರದಲ್ಲ. ಕ್ರಿಸ್ತನು ಮನುಷ್ಯನಾದದ್ದು ಒಂದೇ ಸಾರಿ, ಮತ್ತು ಆ ದೇಹವನ್ನು ಆತನು ಕಳಚಿಹಾಕಲಿಲ್ಲ. ಲೂಕ 24ನೆಯ ಅಧ್ಯಾಯದಲ್ಲಿ ಸತ್ತವರೊಳಗಿಂದ ಎದ್ದುಬಂದ ಯೇಸು ತನ್ನ ಕೈಕಾಲುಗಳನ್ನು ತೋರಿಸಿ, ಶಿಷ್ಯರ ಕಣ್ಣೆದುರಿಗೆ ಸುಟ್ಟ ಮೀನಿನ ತುಂಡನ್ನು ತಿನ್ನುವ ಭಾಗವನ್ನು ಮಗುವೇ ಗಟ್ಟಿಯಾಗಿ ಓದಲಿ.

ಕೃಪೆಯ ವಿಷಯವನ್ನು ಅಂಕಗಳ ಮೂಲಕ ಹೇಳಿದರೆ ಬೇಗ ತಿಳಿಯುತ್ತದೆ. ಒಳ್ಳೆಯ ಕೆಲಸ ಮಾಡಿ ಅಂಕ ಗಳಿಸಿದರೆ ದೇವರು ಪಾಸು ಮಾಡುತ್ತಾನೆ ಎಂದು ಹೈಸ್ಕೂಲ್ ಮಕ್ಕಳು ತಾವಾಗಿಯೇ ಭಾವಿಸಿರುತ್ತಾರೆ. ಎಫೆಸ 2:8ರಿಂದ 10ರವರೆಗೆ ಓದಿಸಿ, ಕ್ರಿಯೆಗಳು ರಕ್ಷಣೆಯ ಬೆಲೆಯಲ್ಲ, ಅದರ ಫಲ ಎಂಬುದನ್ನು ತೋರಿಸಿ.

ವಿಜಯಪುರದಲ್ಲಿ ಮುಸ್ಲಿಂ ಗೆಳತಿಯೊಬ್ಬಳು, “ದೇವರಿಗೆ ಮಗ ಹೆಂಗ ಇರ್ತಾನ?” ಎಂದು ಕೇಳಿಯೇ ಕೇಳುತ್ತಾಳೆ. ಅದು ಜಗಳವಲ್ಲ, ನೇರವಾದ ಪ್ರಶ್ನೆ. ಮಗನು ಶರೀರಸಂಬಂಧದಿಂದ ಹುಟ್ಟಿದವನೆಂದು ಕ್ರೈಸ್ತರೂ ನಂಬುವುದಿಲ್ಲ ಎಂಬುದನ್ನು ಮೊದಲು ಹೇಳಿಕೊಡಿ. ಬಳಿಕ, ಮಗನೂ ಸೃಷ್ಟಿಯಾದವನೇ ಎಂದ ಅರಿಯಸನೆಂಬ ಬೋಧಕನಿಗೆ ಉತ್ತರವಾಗಿ 325ರಲ್ಲಿ ನೈಸಿಯ ಎಂಬ ಊರಿನಲ್ಲಿ ಕೂಡಿದ್ದ ಸಭಾಧ್ಯಕ್ಷರು (ಬಿಷಪ್‌ಗಳು) ‘ಹುಟ್ಟಿದವನು, ಉಂಟುಮಾಡಲ್ಪಟ್ಟವನಲ್ಲ’ ಎಂದು ಏಕೆ ಬರೆದರೆಂಬುದನ್ನು ತಿಳಿಸಿ. ಬಸವಣ್ಣನವರ ನಾಡಿನಲ್ಲಿ ಬೆಳೆಯುವ ಮಗು ವಚನಗಳನ್ನು ಗೌರವದಿಂದ ಓದಲಿ. ಉತ್ತರ ಹೇಳುವಾಗ ಸಾತ್ವಿಕತ್ವವಿರಬೇಕೆಂದು 1 ಪೇತ್ರ 3ನೆಯ ಅಧ್ಯಾಯವೇ ವಿಧಿಸಿದೆ. ಪರರ ನಂಬಿಕೆಯನ್ನು ಹೀಯಾಳಿಸುವ ಮಾತು ಮನೆಯಲ್ಲಿ ಕೇಳಿಬಂದರೆ ಕಲಿಸಿದ್ದೆಲ್ಲ ಕೆಡುತ್ತದೆ.

ಸಂಸ್ಕಾರಗಳ, ಅಂದರೆ ಸಭೆಯ ಪವಿತ್ರ ವಿಧಿಗಳ, ವಿಷಯದಲ್ಲಿ ನಿಮ್ಮ ಸಭೆಯ ಬೋಧನೆಯನ್ನೇ ಅನುಸರಿಸಿ. ಕಥೋಲಿಕರು ಏಳನ್ನು ಎಣಿಸುತ್ತಾರೆ, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮತ್ತು ಮೆಥೊಡಿಸ್ಟ್ ಸಭೆಗಳವರು ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಎಂಬ ಎರಡನ್ನು. ಈ ಭೇದವನ್ನು ಮುಚ್ಚಿಡಬೇಡಿ.

ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ನಿಮಗೆ ಉತ್ತರ ತಿಳಿಯದ ಪ್ರಶ್ನೆಗಳಿಗೆಂದು ಖಾಲಿ ಬಿಡಿ, ಮತ್ತು “ನನಗೆ ಗೊತ್ತಿಲ್ಲ, ಬರೆದಿಡು” ಎಂದು ಹೇಳಲು ಹಿಂಜರಿಯಬೇಡಿ. ಹತ್ತನೆಯ ತರಗತಿಯಲ್ಲಿ ಜನವರಿ ಬಂದ ಮೇಲೆ ಪಾಠವನ್ನು ನಿಲ್ಲಿಸಿ, ರಾತ್ರಿ ಕರ್ತನ ಪ್ರಾರ್ಥನೆಯನ್ನಷ್ಟೇ ಜೊತೆಯಲ್ಲಿ ಹೇಳಿ. ಪರೀಕ್ಷೆ ಮುಗಿದ ವಾರ, ದೃಢೀಕರಣದ (ಮಗು ತನ್ನ ವಿಶ್ವಾಸವನ್ನು ಸಭೆಯ ಮುಂದೆ ತಾನೇ ಅರಿಕೆಮಾಡುವ ವಿಧಿಯ) ತರಗತಿಗಳು ತೊಡಗುವ ಮೊದಲು, ಆ ಕೊನೆಯ ಪುಟಗಳೊಂದಿಗೆ ಮಗುವನ್ನು ಸಭಾಪಾಲಕರ ಮನೆಗೆ ಕರೆದುಕೊಂಡು ಹೋಗಿ. ಪ್ರಶ್ನೆಗಳನ್ನು ನೀವು ಓದಬೇಡಿ, ಮಗುವೇ ಕೇಳಲಿ.